ನಡುಗೆರೆ ದಾಟಿದ ಕೈ

ಫ್ಲೆಕ್ಸ್ ಅಂಗಡಿಯವನು ಹಳೆಯ ಫೋಟೋವನ್ನು ಚೌಕಟ್ಟಿನಿಂದ ಬಿಚ್ಚಿ, ಸ್ಕ್ಯಾನ್ ಮಾಡಿ, ನಮ್ಮ ಪಿ.ಟಿ. ಮೇಷ್ಟ್ರ ಮೀಸೆಯನ್ನು ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೇಣು ಹಿಗ್ಗಿಸಿ ತೋರಿಸಿದ.

"ನೋಡ್ರಿ ಸಾ, ಹಿಂದಿರೋ ಗಲೀಜೆಲ್ಲ ತೆಗೆದುಬಿಡ್ತೀನಿ. ನೀಲಿ ಮೋಡ ಹಾಕ್ತೀನಿ, ಎರಡು ಪಾರಿವಾಳ ಬಿಡ್ತೀನಿ. ಮೇಷ್ಟ್ರು ಸೀದಾ ಸ್ವರ್ಗದಾಗೆ ನಿಂತಂಗೆ ಕಾಣ್ತಾರೆ."

"ಹಂಗೇ ಮಾಡಪ್ಪ. ಅವರೊಬ್ಬರೇ ಇದ್ರೆ ಲಕ್ಷಣ" ಅಂದೆ. ಹಾಗನ್ನುವುದಕ್ಕೆ ನನಗೊಂದು ಸ್ವಂತ ಕಾರಣವೂ ಇತ್ತು. ಅದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನನ್ನ ಮಿಕ್ಕ ಮಾತುಗಳನ್ನು ನೀವು ನಂಬಲಿಕ್ಕಿಲ್ಲ.

ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಅಕ್ಕ, ಅಂದರೆ ಮೇಷ್ಟ್ರ ಹೆಂಡತಿ, ಎದ್ದು ಬಂದರು. ಗಂಡನನ್ನು ಮಣ್ಣು ಮಾಡಿ ಇನ್ನೂ ವಾರವಾಗಿರಲಿಲ್ಲ. ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿದರು.

"ಒಂದು ಕೂದಲೆಳೆನೂ ತೆಗೀಬೇಡಪ್ಪ. ಇಗೋ, ಇಲ್ಲಿ ಸೊಂಟದ ಸಂದಿಯಾಗೆ ಒಂದು ಕೈ ಕಾಣ್ತೈತಲ್ಲ, ಅದು ಎದ್ದು ಕಾಣಬೇಕು. ಮೋಡಗೀಡ ಬ್ಯಾಡ. ಅವರು ಸ್ವರ್ಗಕ್ಕೆ ಹೋಗಿದ್ರೆ ಈ ಕೈ ಹಿಡ್ಕಂಡೇ ಹೋಗಿರೋದು."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಪಾರಿವಾಳ ನೋಡಿದೆ.

*

ಮೇಷ್ಟ್ರನ್ನು ಮಣ್ಣು ಮಾಡಿದ ದಿನವೂ ಹೀಗೇ ಒಂದು ತಮಾಷೆ ನಡೆದಿತ್ತು. ಅವರ ಚರ್ಚಿಗೆ ಹೊಸದಾಗಿ ಬಂದಿದ್ದ ಪಾಸ್ಟರು ಚಿಕ್ಕ ವಯಸ್ಸಿನವರು. ಪಾಪ, ಮೇಷ್ಟ್ರನ್ನು ಅವರು ಕಂಡದ್ದೇ ಕೊನೆಯ ಎರಡು ವರ್ಷ. ಕೈಯಲ್ಲಿ ಹಿಡಿ ಮಣ್ಣು ಹಿಡಿದು, "ನಮ್ಮ ಸಹೋದರರು ಹುಟ್ಟಾ ವಿನಯವಂತರು" ಅಂದುಬಿಟ್ಟರು.

ನನ್ನ ಪಕ್ಕದಲ್ಲಿದ್ದ ಗ್ಯಾರೇಜಿನ ಬಾಷಾ ಕೆಮ್ಮಿದ. ಕೆಮ್ಮಲ್ಲ ಅದು. ಮಂಡಕ್ಕಿ ಅಂಗಡಿಯ ಸಣ್ಣಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ. ಎಲ್ಲರೂ ಅಕ್ಕನ ಮುಖ ನೋಡುತ್ತಿದ್ದೇವೆ, ಅವರು ಅತ್ತು ಕೆಂಪಾದ ಕಣ್ಣಲ್ಲೇ ಮೊದಲು ನಕ್ಕರು.

"ಹುಟ್ಟಾ ಅಲ್ಲ ಅಯ್ಯನವ್ರೇ, ಕಲಿತದ್ದು. ಅದೂ ಐವತ್ತು ದಾಟಿದ ಮೇಲೆ. ನಾನು ಸಾಕ್ಷಿ."

ನಾವೆಲ್ಲರೂ ಸಾಕ್ಷಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

*

ನಾನು ಪರಶುರಾಂಪುರದ ಕಡೆಯವನು. ಚಳ್ಳಕೆರೆಯ ಹೈಸ್ಕೂಲಿಗೆ ಕನ್ನಡ ಮೇಷ್ಟ್ರಾಗಿ ಬಂದಾಗ ನನ್ನನ್ನು ಮೊದಲು ಮಾತಾಡಿಸಿದವರೇ ಅವರು. ಮಾತಾಡಿಸಿದ್ದು ಅಂದರೆ, "ಬೆನ್ನು ನೆಟ್ಟಗೆ ಮಾಡ್ರಿ ಪಂಡಿತ್ರೇ!" ಅಂದದ್ದು. ಅಲ್ಲಿಂದ ಕೊನೆಯವರೆಗೆ ನಾನು ಅವರಿಗೆ ಪಂಡಿತ್ರೇ.

ಆರಡಿ ಆಳು. ಸೀಮೆಸುಣ್ಣ ತೇಯ್ದು ದಿನವೂ ಬೆಳ್ಳಗೆ ಮಾಡುತ್ತಿದ್ದ ಕ್ಯಾನ್ವಾಸ್ ಶೂ. ಕತ್ತಿನಲ್ಲಿ ವಿಸಿಲ್. ಭಾನುವಾರ ಚರ್ಚಿಗೆ ಹೋಗುವಾಗಲೂ ಅದು ಅಂಗಿಯೊಳಗೆ ಇರುತ್ತಿತ್ತು. ಉಪದೇಶ ಉದ್ದವಾದರೆ ಮೇಷ್ಟ್ರ ಕೈ ಎದೆಯ ಹತ್ತಿರ ಹೋಗುತ್ತಿತ್ತಂತೆ, ಆಗ ಹಳೆಯ ಪಾಸ್ಟರು ಎರಡು ಪುಟ ಹಾರಿಸಿ ಆಮೆನ್ ಅನ್ನುತ್ತಿದ್ದರಂತೆ. ಇದನ್ನು ನನಗೆ ಹೇಳಿದವರು ಆ ಪಾಸ್ಟರೇ.

ಈಸ್ಟರಿನ ಹಿಂದಿನ ಗುರುವಾರ ಅವರ ಚರ್ಚಿನಲ್ಲಿ ಒಬ್ಬರ ಕಾಲನ್ನೊಬ್ಬರು ತೊಳೆಯುವ ಪದ್ಧತಿ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ. ಒಂದು ವರ್ಷ ಮೇಷ್ಟ್ರು ಆ ಕೆಲಸ ತಾವೇ ವಹಿಸಿಕೊಂಡರು. ಹನ್ನೆರಡು ಜನರನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸಿದರು. "ಬಲಗಾಲು ಮುಂದೆ! ಬೆರಳು ಬಿಡಿಸಿ!" ಅಂದರು. ಹನ್ನೆರಡೂ ಕಾಲು ತೊಳೆದು ಎದ್ದು ನಿಂತು ಗಡಿಯಾರ ನೋಡಿಕೊಂಡು, "ಹೋದ ವರ್ಷ ಪಾಸ್ಟರಿಗೆ ಅರ್ಧ ಗಂಟೆ ಹಿಡಿದಿತ್ತು" ಅಂದರಂತೆ.

ನಮ್ಮಜ್ಜಿ ಹೇಳುತ್ತಿದ್ದಳು: "ತುಂಬಿದ ಕೊಡ ತುಳುಕಾಕಿಲ್ಲ ಅಂತಾರಲ್ಲ, ಅದು ಕಟ್ಟೆ ಮೇಲೆ ಕುಂತು ನೋಡೋರ ಮಾತು. ಹೊರೋಳನ್ನ ಕೇಳು, ನಡೆದ್ರೆ ಎಲ್ಲಾ ಕೊಡನೂ ತುಳುಕ್ತೈತೆ." ನಮ್ಮ ಮೇಷ್ಟ್ರ ಕೊಡ ನಿಂತಲ್ಲೇ ತುಳುಕುತ್ತಿತ್ತು.

*

ಇಂಥವರಿಗೆ ವಿನಯ ಕಲಿಯುವ ಹುಚ್ಚು ಹತ್ತಿದ್ದು ಹಳೆಯ ಪಾಸ್ಟರ ಒಂದು ಮಾತಿನಿಂದ. ಲೆಂಟ್ ಶುರುವಾಗುವ ಹೊತ್ತು. ಲೆಂಟ್ ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ, ಪ್ರಾರ್ಥನೆಯ ಕಾಲ. ಅವತ್ತು ಪಾಸ್ಟರು, "ವಿನಯ ಯಾರಿಗೂ ಹುಟ್ಟುತ್ತಾ ಬರೋದಿಲ್ಲ. ದಿನಾ ಅಭ್ಯಾಸ ಮಾಡಿ ಬೆಳೆಸ್ಕೋಬೇಕು" ಅಂದಿದ್ದರು. ಉಳಿದವರು ಅದನ್ನು ಕೇಳಿ ಮನೆಗೆ ಹೋಗಿ ಊಟ ಮಾಡಿದರು. ಮೇಷ್ಟ್ರಿಗೆ ಮಾತ್ರ "ಅಭ್ಯಾಸ" ಅನ್ನುವುದು ಕಿವಿಗೆ ಬಿತ್ತು. ದಂಡ, ಬಸ್ಕಿ ಗೊತ್ತಿದ್ದವರಿಗೆ ಇದೂ ಒಂದು ಕಸರತ್ತಾಗಿ ಕಂಡಿತು.

ಅವರೇ ಒಂದು ನಿಯಮ ಮಾಡಿಕೊಂಡರು. ನಲವತ್ತು ದಿನ, ದಿನಕ್ಕೊಬ್ಬರ ಹತ್ತಿರ ಹೋಗುವುದು. "ನನ್ನಲ್ಲಿರೋ ಒಂದು ತಪ್ಪು ಹೇಳಿ" ಅನ್ನುವುದು. ಅವರು ಏನೇ ಹೇಳಲಿ, ಎದುರು ಮಾತಾಡುವಂತಿಲ್ಲ. "ಹೌದು, ತಿದ್ಕಂತೀನಿ" ಅನ್ನಬೇಕು, ಬರಬೇಕು.

ಆ ತಪ್ಪನ್ನು ಅವರು ಕೇಳುತ್ತಿದ್ದ ಭಂಗಿ ಹೇಳಬೇಕು. ಹಿಮ್ಮಡಿ ಜೋಡಿಸಿ, ಎರಡೂ ಕೈ ತೊಡೆಗೆ ಅಂಟಿಸಿ, ಗದ್ದ ಎತ್ತಿ, ಸಾವಧಾನ್‌ನಲ್ಲಿ ನಿಲ್ಲುತ್ತಿದ್ದರು. ರಾಷ್ಟ್ರಗೀತೆಗೆ ನಿಂತ ಹಾಗೆ. ಮೀಸೆ ಮಾತ್ರ ಉಳ್ಳಾರ್ತಿ ಕಾವಲಿನ ಹುಲ್ಲಿನಲ್ಲಿ ಮೇಯುವ ಹೋರಿಯ ಬಾಲದಂತೆ ಆ ಕಡೆ ಈ ಕಡೆ ಆಡುತ್ತಿತ್ತು.

ಮೊದಲ ದಿನ ಬಾಷಾನ ಗ್ಯಾರೇಜಿಗೆ ಹೋದರು.

"ಬುರಾ ಮತ್ ಮಾನೋ ಮಾಸ್ಟರ್ ಸಾಬ್, ಬೇಜಾರಾಗಬ್ಯಾಡ್ರಿ" ಅಂದ ಬಾಷಾ. "ನಿಮ್ಮ ಸ್ಕೂಟ್ರು ರಿಪೇರಿಗೆ ಅರ್ಧ ಗಂಟೆ ಸಾಕು. ನೀವು ಪಕ್ಕದಾಗೆ ನಿಂತು ನನಗೇ ಹೇಳಿಕೊಡ್ತೀರಲ್ಲ, ಅದಕ್ಕೇ ಎರಡು ಗಂಟೆ ಆಗ್ತೈತೆ."

"ಹೌದು" ಅಂದರು ಮೇಷ್ಟ್ರು, ಹಲ್ಲು ಕಚ್ಚಿ. "ತಿದ್ಕಂತೀನಿ."

ಸಣ್ಣಮ್ಮ, "ಅಲ್ರಿ ಮೇಷ್ಟ್ರೇ, ರುಚಿ ನೋಡ್ತೀನಿ ಅಂತ ಮೂರು ಹಿಡಿ ಮಂಡಕ್ಕಿ ಬಾಯಿಗೆ ಹಾಕ್ಕಂತೀರ. ಆಮೇಲೆ ಹೊಗೆ ವಾಸನೆ ಐತೆ ಅಂತ ಬೇರೆ ಅಂಗಡಿಗೆ ಹೋಗ್ತೀರ" ಅಂದಳು. ನಮ್ಮವ್ವ ಊರಿಂದ ಬಂದಿದ್ದಳು, ಅವಳನ್ನೂ ಬಿಡಲಿಲ್ಲ. ಅವ್ವ ಎಲೆ ಅಡಿಕೆ ಹಾಕಿಕೊಂಡು ನಿಧಾನಕ್ಕೆ ಯೋಚಿಸಿ, "ನೀನು ಕೈ ಮುಗಿದ್ರೆ ನಮಸ್ಕಾರ ಮಾಡ್ದಂಗೆ ಇರಾಕಿಲ್ಲ ಕಣಪ್ಪ, ಕುಸ್ತಿಗೆ ಕರೆದಂಗೆ ಇರ್ತೈತೆ" ಅಂದಳು.

ಊರಿಗೆ ಇದಕ್ಕಿಂತ ಒಳ್ಳೆ ಮನರಂಜನೆ ಬೇಕೆ? ಎರಡನೇ ವರ್ಷಕ್ಕೆ ಜನ ತಯಾರಾಗಿ ಕಾಯತೊಡಗಿದರು. ಕ್ಷೌರದ ಅಂಗಡಿಯಲ್ಲಿ, ಎಣ್ಣೆ ಮಿಲ್ಲಿನ ಮುಂದೆ, "ನಿನ್ನ ಹತ್ರ ಬಂದಿದ್ರಾ? ಏನಂದೆ?" ಅನ್ನುವುದೇ ಮಾತು. ತನ್ನ ಹತ್ತಿರ ಬರಲಿಲ್ಲ ಅಂತ ನಮ್ಮ ಹೆಡ್ಮಾಸ್ಟರು ಮುನಿಸಿಕೊಂಡರು. ನನ್ನನ್ನು ಮಾತ್ರ ಮೇಷ್ಟ್ರು ಪ್ರತಿ ವರ್ಷ ಕೇಳುತ್ತಿದ್ದರು. ನಾನು ಪ್ರತಿ ವರ್ಷ, "ನಿಮ್ಮ ವಿಸಿಲ್ ಸದ್ದಿಗೆ ನನ್ನ ಹಳಗನ್ನಡ ಓಡಿಹೋಗ್ತೈತೆ" ಅಂತ ಏನೋ ಹಗುರಾದದ್ದು ಹೇಳಿ ಕಳಿಸುತ್ತಿದ್ದೆ.

ಇನ್ನು ಮೇಷ್ಟ್ರ ವಿಷಯ. ಮೂರನೇ ವರ್ಷಕ್ಕೆ ಅವರಿಗೆ ಇದರ ಮೇಲೇ ಗರ್ವ ಬಂದಿತ್ತು. "ಈ ತಾಲ್ಲೂಕಿನಾಗೆ ನನ್ನಷ್ಟು ಬೈಸಿಕೊಂಡೋನು ಒಬ್ಬನ್ನ ತೋರಿಸ್ರಿ ನೋಡನ!" ಅಂತ ಸ್ಟಾಫ್ ರೂಮಿನಲ್ಲಿ ಎದೆ ತಟ್ಟಿದರು. ಅಕ್ಕ ಕೇಳಿ, "ತಗ್ಗೀನಿ ತಗ್ಗೀನಿ ಅಂತ ನೀರಿನ ಟ್ಯಾಂಕ್ ಹತ್ತಿ ಕೂಗ್ತಾ ಅವ್ರೆ" ಅಂದರು. ಪಾಸ್ಟರು ಇನ್ನೂ ಮೆತ್ತಗೆ ಹೇಳಿದರು: "ಸಾರ್, ಭಾರ ಇಳಿಸ್ಕೋಬೇಕು ಅಂತ ಹೊರಟೋರು ನೀವು. ಈಗ ಇಳಿಸಿದ ಭಾರಾನೇ ತಲೆ ಮೇಲೆ ಹೊತ್ಕಂಡು ಮೆರವಣಿಗೆ ಮಾಡ್ತಿದೀರ."

ಮೇಷ್ಟ್ರು ಸಾವಧಾನ್‌ನಲ್ಲಿ ನಿಂತು, "ಹೌದು, ತಿದ್ಕಂತೀನಿ" ಅಂದರು.

*

ಆದರೆ ಒಂದು ಊರಿಗೆ ಅವರು ಹೋಗುತ್ತಿರಲಿಲ್ಲ. ಮೊಳಕಾಲ್ಮೂರು.

ಅಕ್ಕನ ತವರು ರಾಯದುರ್ಗ. ಅಲ್ಲಿಗೆ ಹೋಗುವ ಬಸ್ಸು ಮೊಳಕಾಲ್ಮೂರಿನ ಮೇಲೇ ಹೋಗಬೇಕು. ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಆ ಹತ್ತು ನಿಮಿಷ ಆರಡಿ ಮೇಷ್ಟ್ರು ಸೀಟಿನಲ್ಲಿ ಜಾರಿ ಮೂರಡಿಯಾಗಿ, ಮುಖಕ್ಕೆ ಕರ್ಚೀಫು ಹಾಕಿಕೊಂಡು ನಿದ್ದೆ ಬಂದವರಂತೆ ಇರುತ್ತಿದ್ದರು.

"ಇಳೀರಿ, ಒಂದು ಸೀರೆ ನೋಡ್ಕಂಡು ಬರನ" ಅನ್ನುತ್ತಿದ್ದರು ಅಕ್ಕ.

"ರಾಯದುರ್ಗದಾಗೆ ಕೊಡಿಸ್ತೀನಿ" ಅನ್ನುತ್ತಿತ್ತು ಕರ್ಚೀಫು.

"ಮೊಳಕಾಲ್ಮೂರು ಸೀರೆನ ರಾಯದುರ್ಗದಾಗೆ! ಬಾವಿ ಕಟ್ಟೆ ಮೇಲೆ ಕುಂತು ನಲ್ಲಿ ನೀರಿಗೆ ಕಾದಂಗೆ."

ಹೀಗೆ, ರೇಷ್ಮೆ ಸೀರೆಗೆ ಹೆಸರಾದ ಊರನ್ನು ವರ್ಷಕ್ಕೆ ನಾಲ್ಕು ಸಲ ಹಾದುಹೋಗುವ ಹೆಂಗಸಿಗೆ ಮೈಮೇಲೆ ಒಂದು ಮೊಳಕಾಲ್ಮೂರು ಸೀರೆ ಇರಲಿಲ್ಲ. ಕಾರಣ ಒಂದು ವಿಸಿಲ್.

ಮೇಷ್ಟ್ರು ನಲವತ್ತರ ಹುರುಪಿನಲ್ಲಿದ್ದಾಗ ಜಿಲ್ಲೆಯ ಕ್ರೀಡಾಕೂಟ ಚಳ್ಳಕೆರೆಯಲ್ಲೇ ನಡೆಯಿತು. ಹುಡುಗಿಯರ ಕಬಡ್ಡಿ ಫೈನಲ್ಲು, ನಮ್ಮೂರಿಗೂ ಮೊಳಕಾಲ್ಮೂರಿಗೂ. ಬರಬೇಕಿದ್ದ ರೆಫರಿಗೆ ಜ್ವರ ಬಂದು, ವಿಸಿಲ್ ನಮ್ಮ ಮೇಷ್ಟ್ರ ಬಾಯಿಗೆ ಬಂತು. ಅಂಕ ಬರೆಯುವ ಮೇಜಿನಲ್ಲಿ ಒಬ್ಬ ಕನ್ನಡ ಮೇಷ್ಟ್ರು ಕೂತಿದ್ದ. ಅವನ ವಿಚಾರ ಆಮೇಲೆ.

ಕೊನೆಯ ದಾಳಿ. ಎರಡೂ ಕಡೆ ಅಂಕ ಸಮ. ಮೊಳಕಾಲ್ಮೂರಿನ ಪಾರ್ವತಿ ಅನ್ನುವ ಹುಡುಗಿ ಕಬಡ್ಡಿ ಕಬಡ್ಡಿ ಅನ್ನುತ್ತ ನಮ್ಮ ಅಂಕಣಕ್ಕೆ ನುಗ್ಗಿದಳು. ನಮ್ಮ ಮೂವರು ಅವಳ ಮೇಲೆ ಬಿದ್ದರು. ಆ ಮೂವರನ್ನೂ ಎಳೆದುಕೊಂಡೇ ಅವಳು ಹೊಟ್ಟೆಯ ಮೇಲೆ ತೆವಳಿ, ನಡುಗೆರೆಯ ಕಡೆ ಕೈ ಚಾಚಿದಳು. ಉಸಿರು ಬಿಡದೆ ಆ ಗೆರೆ ಮುಟ್ಟಿದರೆ ನಮ್ಮ ಮೂವರೂ ಔಟ್. ಮುಟ್ಟದಿದ್ದರೆ ಅವಳು ಔಟ್.

ವಿಸಿಲ್ ಕೂಗಿತು. ಮೇಷ್ಟ್ರ ಕೈ ಮೊಳಕಾಲ್ಮೂರಿನ ಕಡೆ ತೋರಿಸಿ, "ಔಟ್!" ಅಂತು.

ಆ ತಂಡದ ಟೀಚರಮ್ಮ, ಆಗಿನ್ನೂ ಎಳೆಯ ವಯಸ್ಸು, ಅಂಕಣಕ್ಕೆ ಓಡಿ ಬಂದು, "ಸಾರ್, ಅವಳ ಕೈ ಗೆರೆ ಮೇಲಿತ್ತು!" ಅಂದಳು. ಮೇಷ್ಟ್ರು ಮೀಸೆ ತಿರುವಿ, "ಹೋಗಿ ಕುಂತ್ಕಳಮ್ಮ. ಸೀರೆ ನೇಯೋ ಊರೋರಿಗೆ ಗೆರೆ ಅಂದ್ರೆ ಅಂಚು ಅಂತ ಗೊತ್ತು, ಆಟ ಗೊತ್ತಿಲ್ಲ" ಅಂದರು. ಮೈದಾನವೆಲ್ಲ ಗೊಳ್ಳೆಂದಿತು. ಕಪ್ಪು ಚಳ್ಳಕೆರೆಯಲ್ಲೇ ಉಳಿಯಿತು.

ಮರುದಿನ ಪೇಪರಿನಲ್ಲಿ ಮೇಷ್ಟ್ರ ಫೋಟೋ ಬಂತು. ಎಡಗೈ ಸೊಂಟದ ಮೇಲೆ, ಎದೆ ಉಬ್ಬಿಸಿ, ಕ್ಯಾಮೆರಾಕ್ಕೆ ಮುಖ ಕೊಟ್ಟು ನಿಂತ ಫೋಟೋ. ಪೇಪರಿನವರು ಮುಖ, ಎದೆ ಅಷ್ಟನ್ನೇ ಹಾಕಿದ್ದರು. ಮೇಷ್ಟ್ರು ಫೋಟೋಗ್ರಾಫರನನ್ನು ಹಿಡಿದು ಪೂರ್ತಿ ಫೋಟೋ ದೊಡ್ಡದು ಮಾಡಿಸಿ, ದಪ್ಪ ಚೌಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ತೂಗುಹಾಕಿದರು. ಬಂದವರೆಲ್ಲ, "ಏನ್ ಗತ್ತು ಸಾರ್!" ಅನ್ನುತ್ತಿದ್ದರು.

ಆ ಆಟದ ಸುದ್ದಿ ಬಂದರೆ ಮಾತ್ರ ಮೇಷ್ಟ್ರು ಮಾತು ಬದಲಿಸುತ್ತಿದ್ದರು. ಒಂದು ಲೆಂಟಿನಲ್ಲಿ ನಾನೇ ಕೆಣಕಿದ್ದೆ: "ಅಷ್ಟು ಜನರ ಹತ್ರ ಹೋಗ್ತೀರಿ, ಮೊಳಕಾಲ್ಮೂರಿನ ಟೀಚರ್ ಹತ್ರ ಹೋಗ್ರಿ, ಒಂದೇ ದಿನಕ್ಕೆ ನಲವತ್ತು ತಪ್ಪು ಸಿಗ್ತಾವೆ." ಅವರು ನಗಲಿಲ್ಲ. "ಆ ಊರು ಬ್ಯಾಡ ಪಂಡಿತ್ರೇ" ಅಂದರು. "ಬ್ಯಾರೆ ಎಲ್ಲಿಗಾದ್ರೂ ಕಳಿಸ್ರಿ."

*

ಐದನೆಯ ಲೆಂಟಿನ ಮೂವತ್ತೊಂಬತ್ತನೆಯ ದಿನ ಗುಡ್‌ಫ್ರೈಡೆ. ಚರ್ಚಿನಿಂದ ಬಂದು ಮೇಷ್ಟ್ರು ಬಳಲಿ ಕೂತಿದ್ದರು, ನಾನು ಮಾತಾಡಿಸಲು ಹೋಗಿದ್ದೆ. ಅವತ್ತಿನ ಪಾಳಿಯವರು ಊರಲ್ಲಿ ಇರಲಿಲ್ಲ. ಮೇಷ್ಟ್ರು ಆ ಕಡೆ ಈ ಕಡೆ ನೋಡಿ, ಕೊನೆಗೆ ಅಡುಗೆಮನೆಯ ಬಾಗಿಲಿಗೆ ಹೋಗಿ ಸಾವಧಾನ್‌ನಲ್ಲಿ ನಿಂತರು.

"ಇವತ್ತು ನೀನೇ ಒಂದು ಹೇಳು."

ಅಕ್ಕ ಕೈ ಒರೆಸಿಕೊಂಡು ಹೊರಗೆ ಬಂದರು. ಗೋಡೆಯ ಫೋಟೋ ಇಳಿಸಿ, ಸೆರಗಿನಿಂದ ಗಾಜು ಒರೆಸಿ, ಗಂಡನ ಕೈಗಿಟ್ಟರು.

"ಇದರಾಗೇನೈತೆ?"

"ಪ್ರಶ್ನೆ ಕೇಳಂಗಿಲ್ಲ. ನಿಮ್ಮದೇ ರೂಲ್ಸು." ಆಮೇಲೆ ಬೆರಳಿಟ್ಟು ತೋರಿಸಿದರು. ಸೊಂಟದ ಮೇಲಿಟ್ಟ ಕೈಗೂ ಮೈಗೂ ನಡುವೆ ಒಂದು ಕಮಾನು. ಆ ಕಮಾನಿನೊಳಗೆ, ದೂರದಲ್ಲಿ, ನೆಲಕ್ಕೊರಗಿದ ಒಂದು ಹುಡುಗಿಯ ಚಾಚಿದ ಕೈ. ಕೈಯ ಕೆಳಗೆ ಬಿಳಿಯ ಗೆರೆ. ಬೆರಳುಗಳು ಗೆರೆಯ ಆಚೆ.

"ಹದಿನೇಳು ವರ್ಷ ಇದನ್ನ ದಿನಾ ಒರೆಸೀನಿ. ಬಂದೋರು ನಿಮ್ಮ ಮೀಸೆ ನೋಡ್ತಾರೆ. ನಾನು ಧೂಳು ನೋಡೋಳು, ಮೂಲೆ ಮೂಲೆ ನೋಡ್ತೀನಿ."

ಮೇಷ್ಟ್ರ ದನಿ ಸಣ್ಣದಾಯಿತು. "ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಊರೋರನ್ನೆಲ್ಲ ಕೇಳಿದ್ರಿ."

ಮೇಷ್ಟ್ರು "ಹೌದು" ಅಂದರು. "ತಿದ್ಕಂತೀನಿ" ಅನ್ನಲು ಬಾಯಿ ತೆರೆದು, ಹಾಗೇ ಮುಚ್ಚಿದರು. ಮೀಸೆ ಆಡಲಿಲ್ಲ. ಫೋಟೋವನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಕಡೆ ತಿರುಗಿ, "ನಾಳೆ ಮೊದಲನೇ ಬಸ್ಸು ಪಂಡಿತ್ರೇ. ನೀವೂ ಬರ್ರಿ" ಅಂದರು.

"ನಾನ್ಯಾಕೆ ಸಾರ್?"

"ದಾರಿಯಾಗೆ ಇಳಿದು ಓಡಿಹೋದ್ರೆ ಹಿಡ್ಕಳಾಕೆ."

ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಾಗ ನಿಜವಾಗಿಯೂ ಎದ್ದರು. "ಒಂದ್ನಿಮಿಷ, ನೀರು ಕುಡ್ಕಂಡು ಬರ್ತೀನಿ." ಅಕ್ಕ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕೈಗೆ ಕೊಟ್ಟರು. ಕೂತರು.

*

ಟೀಚರಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನೇಕಾರರ ಬೀದಿ, ಒಳಗೆ ಕಾಲಿಟ್ಟರೆ ನಡುಮನೆಯಲ್ಲೇ ಗುಂಡಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ, ಸೀರೆ ನೆಲದ ಮಟ್ಟದಲ್ಲಿ ಹರಡಿರುತ್ತದೆ. ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ನೇಯುತ್ತಿದ್ದಳು. ಲಾಳಿ ಕಟಕ್ ಕಟಕ್ ಅಂತ ಓಡಾಡುತ್ತಿತ್ತು.

ಟೀಚರಮ್ಮ ಒಳಗಿನಿಂದ ಬಂದರು. ತಲೆ ನೆರೆಯಲು ಶುರುವಾಗಿತ್ತು, ಕಣ್ಣು ಚುರುಕು. ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದರು.

"ಓಹೋ! ಚಳ್ಳಕೆರೆ ವಿಸಿಲ್ಲು!"

ಮೇಷ್ಟ್ರು ಹಿಮ್ಮಡಿ ಜೋಡಿಸಿದರು. "ಟೀಚರ್, ನನ್ನಲ್ಲಿರೋ ಒಂದು ತಪ್ಪು ಹೇಳಬೇಕು."

ಟೀಚರಮ್ಮನಿಗೆ ಅರ್ಥವಾಗಲಿಲ್ಲ. ನಾನು ಲೆಂಟು, ನಲವತ್ತು ದಿನ, ನಿಯಮ, ಎಲ್ಲ ವಿವರಿಸಿದೆ. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದರು.

"ಅಂದ್ರೆ ನಾನು ಬೈಬೇಕು, ನೀವು ಬೈಸ್ಕಂಡು ಹಗುರಾಗಿ ಬಸ್ ಹತ್ತಬೇಕು. ಚೆನ್ನಾಗೈತೆ ನಿಮ್ಮ ವ್ರತ! ತಪ್ಪು ಮಾಡೋರು ನೀವು, ಅದನ್ನ ಹೇಳೋ ಕೆಲಸ ನನಗಾ? ಹದಿನೇಳು ವರ್ಷ ಬೈದು ಬೈದು ನನ್ನ ಬಾಯಿ ನೋಯ್ತೈತೆ. ನೀವೇ ಹೇಳ್ರಿ. ನನಗಲ್ಲ, ಅವಳಿಗೆ."

ಲಾಳಿ ನಿಂತಿತ್ತು. ಮಗ್ಗದಲ್ಲಿದ್ದವಳು ತಿರುಗಿ ನೋಡುತ್ತಿದ್ದಳು.

"ಪಾರ್ವತಿ" ಅಂದರು ಟೀಚರಮ್ಮ. "ಆಟ ಸೋತ ಹುಡುಗೀನ ನಮ್ಮ ತಮ್ಮನಿಗೇ ತಂದ್ಕಂಡೆ."

ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ಐದು ವರ್ಷ ನಿಂತು ಕೇಳಿಸಿಕೊಳ್ಳುವುದನ್ನು ಕಲಿತಿದ್ದರು, ಬಾಯಿ ಬಿಟ್ಟು ಹೇಳುವುದನ್ನು ಯಾರೂ ಕಲಿಸಿರಲಿಲ್ಲ. ಸಾವಧಾನ್‌ನಲ್ಲೇ ಮಗ್ಗದ ಹತ್ತಿರ ನಾಲ್ಕು ಹೆಜ್ಜೆ ನಡೆದು ನಿಂತರು. ಗಂಟಲು ಸರಿಮಾಡಿಕೊಂಡರು.

ಪಾರ್ವತಿ ಗುಂಡಿಯೊಳಗಿಂದ ಕತ್ತೆತ್ತಿ, "ಸಾ, ಕುಂತ್ಕಳ್ರಿ" ಅಂದಳು. "ನಿಂತು ಮಾತಾಡಿದ್ರೆ ನನಗೆ ಬರೀ ನಿಮ್ಮ ಮೊಣಕಾಲು ಕಾಣ್ತೈತೆ."

ಆ ಮನೆಯಲ್ಲಿ ಅದೇ ಪದ್ಧತಿ. ಸಾಹುಕಾರ ಬರಲಿ, ಸೀರೆ ಕೊಳ್ಳುವ ಹೆಂಗಸರು ಬರಲಿ, ನೇಯುವವರ ಹತ್ತಿರ ಮಾತಾಡಬೇಕೆಂದರೆ ನೆಲಕ್ಕೆ ಕೂರಬೇಕು. ಮೇಷ್ಟ್ರು ಗೋಡೆ ಹಿಡಿದರು. ಮೊಣಕಾಲು ಲಟ್ ಲಟ್ ಅಂದವು. ಆರಡಿ ದೇಹ ಮೂರು ಕಂತಿನಲ್ಲಿ ಕೆಳಗಿಳಿಯಿತು. ಕೂತ ಮೇಲೆ ಕೈ ಎಲ್ಲಿಡುವುದು ಅಂತ ಗೊತ್ತಾಗದೆ ಮಡಿಲಲ್ಲಿಟ್ಟುಕೊಂಡರು. ಈಗ ಅವರ ಕಣ್ಣೂ ಪಾರ್ವತಿಯ ಕಣ್ಣೂ ಒಂದೇ ಎತ್ತರದಲ್ಲಿದ್ದವು.

"ಅವತ್ತು ನಿನ್ನ ಕೈ ಗೆರೆ ದಾಟಿತ್ತಮ್ಮ."

"ನಿಮಗೆ ಗೊತ್ತಿತ್ತು, ಗೊತ್ತಿದ್ದೇ ನಿಮ್ಮೂರಿಗೆ ಕೊಟ್ರಿ" ಅಂದರು ಟೀಚರಮ್ಮ ಹಿಂದಿನಿಂದ.

ಅಲ್ಲಿಗೆ ಹೌದು ಅಂದುಬಿಟ್ಟಿದ್ದರೆ ಮುಗಿದಿತ್ತು. ಊರಿನ ಮೇಲಿನ ಅಭಿಮಾನದಿಂದ ಮೋಸ ಮಾಡಿದೆ ಅನ್ನುವುದರಲ್ಲೂ ಒಂದು ಗತ್ತಿದೆ. ಮೇಷ್ಟ್ರು ತಲೆಯಾಡಿಸಿದರು.

"ಇಲ್ಲ ಟೀಚರ್. ಗೊತ್ತಿರ್ಲಿಲ್ಲ. ನಾನು ಆ ಕಡೆ ನೋಡಲೇ ಇಲ್ಲ. ಪೇಪರಿನೋನು ಕ್ಯಾಮೆರಾ ಹಿಡಿದಿದ್ದ. ನಾನು... ಫೋಟೋಕ್ಕೆ ನಿಂತಿದ್ದೆ. ಗಲಾಟೆ ಕೇಳಿ ವಿಸಿಲ್ ಊದಿದೆ. ಬಾಯಿಗೆ ಬಂದದ್ದು ಅಂದೆ."

ಬ್ಯಾಗಿನಿಂದ ಚೌಕಟ್ಟು ತೆಗೆದು ಪಾರ್ವತಿಯ ಮುಂದೆ, ನೇಯುತ್ತಿದ್ದ ಸೀರೆಯ ಪಕ್ಕದಲ್ಲಿ ಇಟ್ಟರು.

ಟೀಚರಮ್ಮ ಬಗ್ಗಿ ಫೋಟೋ ನೋಡಿದರು. ಆಮೇಲೆ ಅವರು ನಕ್ಕ ನಗು ಆ ಬೀದಿಗೆಲ್ಲ ಕೇಳಿಸಿರಬೇಕು.

"ದೇವುಡಾ! ಹದಿನೇಳು ವರ್ಷ ಇವರನ್ನ ದೊಡ್ಡ ಮೋಸಗಾರ ಅಂತ ಇಡೀ ಊರೇ ಬೈದೀವಿ. ನೋಡಿದ್ರೆ ಮೋಸಗಾರನೂ ಅಲ್ಲ, ಬರೀ ಫೋಟೋ ಹುಚ್ಚ!"

ಅಕ್ಕನೂ ನಕ್ಕರು. ನಾನು ಮೇಷ್ಟ್ರ ಮುಖ ನೋಡಿದೆ. ಐದು ವರ್ಷದಲ್ಲಿ ಊರವರು ಹೇಳಿದ ಇನ್ನೂರು ತಪ್ಪು ಒಂದು ಕಡೆ, ಈ ನಗು ಒಂದು ಕಡೆ. ಆದರೆ ಅವರು ಏಳಲಿಲ್ಲ. ಮೀಸೆ ಸರಿಮಾಡಿಕೊಳ್ಳಲಿಲ್ಲ. ನಗು ಮುಗಿಯುವ ತನಕ ಅದರ ಕೆಳಗೆ ಸುಮ್ಮನೆ ಕೂತಿದ್ದರು.

ಪಾರ್ವತಿ ಮಾತ್ರ ನಕ್ಕಿರಲಿಲ್ಲ. ಫೋಟೋ ಎತ್ತಿಕೊಂಡು ಬೆಳಕಿಗೆ ಹಿಡಿದಿದ್ದಳು.

"ಅವತ್ತು ಮನೆಗೆ ಹೋದಾಗ ನಮ್ಮಪ್ಪ ಕೇಳಿದ್ರು, ಮುಟ್ಟಿದ್ದೇನೇ ಅಂತ. ಮುಟ್ಟಿದ್ದೆ ಅಂದೆ. ಅಷ್ಟು ಓದಿದೋರು ಸುಳ್ಳು ಹೇಳ್ತಾರಾ, ನಿನಗೇ ಹಂಗೆ ಅನ್ಸಿರಬೇಕು ಅಂದ್ರು. ಬರ್ತಾ ಬರ್ತಾ ನನಗೂ ಅನುಮಾನ ಬಂತು ಸಾ. ಮುಟ್ಟಿದ್ನಾ, ಮುಟ್ಟಿದಂಗೆ ಅನ್ಸಿತಾ ಅಂತ." ಬೆರಳಿನಿಂದ ಗಾಜಿನ ಮೇಲೆ ಎಣಿಸಿ ಟೀಚರಮ್ಮನ ಕಡೆ ತಿರುಗಿದಳು. "ಅಕ್ಕಾ, ನೋಡಿಲ್ಲಿ. ನಾಲ್ಕು ಬೆರಳೂ ಆ ಕಡೆ ಐತೆ."

"ತಪ್ಪಾಯ್ತಮ್ಮ" ಅಂದರು ಮೇಷ್ಟ್ರು.

ಪಾರ್ವತಿ ಫೋಟೋವನ್ನು ವಾಪಸು ಕೊಡಲಿಲ್ಲ. ಮಗ್ಗದ ಪಕ್ಕದ ಗೂಡಿನಲ್ಲಿ, ದೀಪದ ಹತ್ತಿರ, ಒರಗಿಸಿ ಇಟ್ಟಳು. "ಇದು ನನ್ನ ಫೋಟೋ ಸಾ. ನೀವು ಅಡ್ಡ ಬಂದೀರ, ಅಷ್ಟೆ."

ಆಗ ಮೇಷ್ಟ್ರು ನಕ್ಕರು. ಅವರು ತಮ್ಮ ಮೇಲೇ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಟೀಚರಮ್ಮ ಕಾಫಿ ಕೊಟ್ಟರು. ಕೊಡುತ್ತಲೇ, "ನಕ್ಕೆ ಅಂತ ಕ್ಷಮಿಸೀನಿ ಅಂದ್ಕಬೇಡ್ರಿ. ಆ ಅಂಚಿನ ಮಾತು ಅಂದ್ರಲ್ಲ, ಅದಕ್ಕೆ ಇನ್ನೊಂದು ಸಲ ಬರಬೇಕು" ಅಂದರು. ನನ್ನ ಕಡೆ ತಿರುಗಿ, "ತಾವ್ಯಾರು ಸಾರ್?" ಅಂತ ಕೇಳಿದರು.

"ನಾನು... ಸುಮ್ನೆ ಜೊತೆಗೆ ಬಂದೋನು" ಅಂದೆ.

ಅಕ್ಕ ಅಷ್ಟರಲ್ಲಿ ಮಗ್ಗದ ಮೇಲಿದ್ದ ಸೀರೆಯ ಸೆರಗನ್ನು ಬೆರಳಲ್ಲಿ ಸವರುತ್ತ, "ಇದು ಯಾವಾಗ ಮುಗೀತೈತಮ್ಮ?" ಅಂತ ಪಾರ್ವತಿಯನ್ನು ಕೇಳುತ್ತಿದ್ದರು.

*

ಆ ಮೇಲೆ ಮೇಷ್ಟ್ರು ನಲವತ್ತು ದಿನದ ಕಸರತ್ತು ಬಿಟ್ಟರು. ಟೀಚರಮ್ಮನ ಮನೆಗೆ ಒಂದಲ್ಲ, ಹತ್ತು ಸಲ ಹೋಗಿಬಂದರು. ಕತ್ತಿನ ವಿಸಿಲನ್ನು ಮೊಳಕಾಲ್ಮೂರಿನ ಕಬಡ್ಡಿ ಹುಡುಗಿಯರಿಗೆ ಕೊಟ್ಟುಬಿಟ್ಟರು. ಪೂರಾ ಬದಲಾದರು ಅಂತ ಬರೆದರೆ ಅಕ್ಕ ನನ್ನನ್ನು ಬಿಡುವುದಿಲ್ಲ. ಕೊನೆತನಕ ಬಾಷಾನಿಗೆ ಸ್ಕೂಟರ್ ರಿಪೇರಿ ಹೇಳಿಕೊಟ್ಟರು. ಆದರೆ ಪಕ್ಕದಲ್ಲಿ ನಿಂತಲ್ಲ, ನೆಲದ ಮೇಲೆ ಗ್ರೀಸಿನ ನಡುವೆ ಕೂತು. ಅದೊಂದು ಅಭ್ಯಾಸ ಮೈಗೆ ಹತ್ತಿಬಿಟ್ಟಿತು. ಯಾರ ಹತ್ತಿರ ಮನಸ್ಸಿನ ಮಾತು ಆಡಬೇಕಾದರೂ ಮೊದಲು ಅವರ ಕಣ್ಣಿನ ಎತ್ತರಕ್ಕೆ ಕೂರುವುದು. ಸಣ್ಣಮ್ಮನ ಮಂಡಕ್ಕಿ ಚೀಲದ ಪಕ್ಕ ಕುಕ್ಕರಗಾಲಲ್ಲಿ ಕೂತು, "ಹೊಗೆ ವಾಸನೆ ಇರಲಿಲ್ಲ ಕಣಮ್ಮ, ನಾನೇ ಸುಳ್ಳು ಹೇಳಿದ್ದೆ" ಅಂದದ್ದನ್ನು ನಾನೇ ಕೇಳಿದ್ದೇನೆ. ಹೊಸ ಪಾಸ್ಟರು ಕಂಡದ್ದು ಈ ಮೇಷ್ಟ್ರನ್ನು. ಅವರದೇನು ತಪ್ಪು?

ಮಧ್ಯೆ ಮಧ್ಯೆ ಹಳೆಯ ಕೊಡ ತುಳುಕುತ್ತಿತ್ತು. "ಈ ಚಳ್ಳಕೆರೆಯಾಗೆ ಮೇಷ್ಟ್ರುಗಳ ಪೈಕಿ ನೆಲಕ್ಕೆ ಕುಂತೋನು ನಾನೇ ಮೊದಲು!" ಅನ್ನುತ್ತಿದ್ದರು. "ಹಂಗಾರೆ ಈಗ ಏಳ್ರಿ, ಸಾಕು" ಅನ್ನುತ್ತಿದ್ದರು ಅಕ್ಕ.

*

ಈಗ ಫ್ಲೆಕ್ಸಿನ ಮಾತು. ಮೇಷ್ಟ್ರ ಸ್ಮರಣೆಯ ಪ್ರಾರ್ಥನೆಗೆ ದೊಡ್ಡ ಫೋಟೋ ಬೇಕಾಯಿತು. ಇದ್ದ ಒಳ್ಳೆಯ ಫೋಟೋ ಅದೊಂದೇ, ಅದು ಮೊಳಕಾಲ್ಮೂರಿನ ಮಗ್ಗದ ಗೂಡಿನಲ್ಲಿತ್ತು. ಪಾರ್ವತಿ ಬಸ್ಸಿನಲ್ಲಿ ಕಳಿಸಿಕೊಟ್ಟಳು, "ವಾಪಸ್ ಕೊಡಬೇಕು" ಅಂತ ಚೀಟಿ ಬರೆದು. ಫ್ಲೆಕ್ಸಿನವನು ಚೌಕಟ್ಟು ಬಿಚ್ಚಿದಾಗ, ಇಷ್ಟು ವರ್ಷ ಮರದ ದಪ್ಪ ಅಂಚಿನ ಕೆಳಗೆ ಮುಚ್ಚಿಹೋಗಿದ್ದ ಎರಡು ಬೆರಳಗಲ ಜಾಗ ಹೊರಗೆ ಬಂತು. ಧೂಳು ಒರೆಸುವ ಅಕ್ಕನಿಗೂ ಅದು ಕಂಡಿರಲಿಲ್ಲ. ಅಲ್ಲಿ ಏನಿತ್ತು ಅನ್ನುವುದು ನನಗೆ ಪರದೆಯ ಮೇಲೆ ಕಂಡ ಕೂಡಲೇ ನಾನು ಮೋಡಕ್ಕೂ ಪಾರಿವಾಳಕ್ಕೂ ಒಪ್ಪಿಗೆ ಕೊಟ್ಟದ್ದು.

ಅಕ್ಕ ಒಪ್ಪಲಿಲ್ಲ. ಚರ್ಚಿನ ಗೇಟಿನಲ್ಲಿ ಎಂಟಡಿ ಉದ್ದದ ಫ್ಲೆಕ್ಸ್ ಎದ್ದು ನಿಂತಿತು. ಚಳ್ಳಕೆರೆಯವರು ಮೀಸೆ ನೋಡಿದರು, ಮೊಳಕಾಲ್ಮೂರಿನಿಂದ ಬಂದವರು ಕೈ ನೋಡಿದರು. ಅಕ್ಕ ಬಿಳಿ ಸೀರೆ ಉಡಲಿಲ್ಲ. ಆ ಮಗ್ಗದ ಸೀರೆಯನ್ನೇ ಉಟ್ಟಿದ್ದರು. ಯಾರೋ ಗೊಣಗಿದರು. "ಅವರು ಕೂತು ಸಂಪಾದಿಸಿದ ಸೀರೆ ಇದು" ಅಂದರು ಅಕ್ಕ.

ಪ್ರಾರ್ಥನೆ ಮುಗಿದು, ಚರ್ಚಿನ ಅಂಗಳದಲ್ಲಿ ಜಮಖಾನೆ ಹಾಸಿ ಊಟ. ನಾನು ಸಾರಿನ ಬಕೆಟ್ ಹಿಡಿದು ಬಡಿಸುತ್ತಿದ್ದೆ. ಟೀಚರಮ್ಮನ ಪಕ್ಕ ಕೂತಿದ್ದ ಪಾರ್ವತಿ ಎಲೆಯ ಕಡೆ ನೋಡದೆ ಫ್ಲೆಕ್ಸಿನ ಕಡೆಯೇ ನೋಡುತ್ತಿದ್ದಳು.

"ಸಾ, ಆ ಮೂಲೆಯಾಗೆ, ಮೇಜಿನ ಹತ್ರ ಪೆನ್ನು ಹಿಡ್ಕಂಡು ಕುಂತಿರೋರು ನೀವಲ್ವಾ?"

ನಾನೇ. ಕಪ್ಪು ಕೂದಲು, ಅಂಕ ಬರೆಯುವ ಹಾಳೆ, ಅರ್ಧ ತೆರೆದ ಬಾಯಿ. ಮೇಷ್ಟ್ರು ಕ್ಯಾಮೆರಾ ನೋಡುತ್ತಿದ್ದಾರೆ. ನಾನು ಕ್ಯಾಮೆರಾ ನೋಡುತ್ತಿಲ್ಲ. ನನ್ನ ಕಣ್ಣು ನೆಟ್ಟಗೆ, ನಡುಗೆರೆಯ ಮೇಲೆ, ಅವಳ ನಾಲ್ಕು ಬೆರಳಿನ ಮೇಲೆ ಇವೆ.

ಏನು ಬೇಕಾದರೂ ಹೇಳಬಹುದಿತ್ತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಅನ್ನಬಹುದಿತ್ತು. ರೆಫರಿ ಹೇಳಿದ್ದನ್ನು ಬರೆಯುವುದಷ್ಟೇ ನನ್ನ ಕೆಲಸ ಅನ್ನಬಹುದಿತ್ತು. ಮೇಷ್ಟ್ರು ಬೇಕೆಂದೇ ನಮ್ಮೂರನ್ನು ಗೆಲ್ಲಿಸಿದರು ಅಂದುಕೊಂಡು ಒಳಗೊಳಗೇ ಖುಷಿಪಟ್ಟು ಅಂಕ ಬರೆದವನು ನಾನು. ಮಗ್ಗದ ಮನೆಯಲ್ಲಿ ಅವರು ನೆಲದ ಮೇಲೆ ಕೂತು ಒಬ್ಬರೇ ನಗೆಗೀಡಾದ ಮೇಲೂ, ಸುಮ್ನೆ ಜೊತೆಗೆ ಬಂದೋನು ಅಂದು ಕಾಫಿ ಕುಡಿದವನು.

ಸಾರಿನ ಬಕೆಟ್ ಕೆಳಗಿಟ್ಟೆ. ನನ್ನ ಮೊಣಕಾಲೇನೂ ಚೆನ್ನಾಗಿಲ್ಲ, ಎರಡು ಸಲ ಲಟ್ ಅಂದವು. ಜಮಖಾನೆಯ ಮೇಲೆ, ಅವಳ ಎದುರು ಕೂತೆ.

"ನಾನು ನೋಡಿದ್ದೆ ಕಣಮ್ಮ" ಅಂದೆ.

ಪಾರ್ವತಿ ನನ್ನ ಮುಖ ನೋಡಿದಳು. ಫ್ಲೆಕ್ಸ್ ನೋಡಿದಳು. ಎಲೆಯ ಮೇಲಿನ ಹಪ್ಪಳ ಮುರಿದು ಅರ್ಧ ನನ್ನ ಕೈಗಿಟ್ಟು ಕೇಳಿದಳು:

"ಇನ್ನೂ ಎಷ್ಟು ಜನ ಇದೀರ ಸಾ, ಈ ಫೋಟೋದಾಗೆ?"